ಗಂಟು ನೋವಿನ ಕೈಗೆ ಸೈಕಲ್ ಗೇರ್ ಹೊಂದಿಸುವುದು: ಸಮಗ್ರ ಮಾರ್ಗದರ್ಶಿ

ಕಾಸರಗೋಡು ಜಿಲ್ಲೆಯ ಕುಂಬಳೆಯಿಂದ ಬದಿಯಡ್ಕದ ಕಡೆಗೆ ಬರುವಾಗ ಸೀತಾಂಗೋಳಿಗೆ ಏರಬೇಕು. ಆ ಏರಿನಲ್ಲಿ ಒಂದು ಬೆಳಿಗ್ಗೆ ನಾನು ಸೋದರಮಾವನ ಹಿಂದೆ ಸೈಕಲ್ ತುಳಿಯುತ್ತಿದ್ದೆ. ಮಾವನಿಗೆ 66 ವರ್ಷ. ನಲುವತ್ತು ವರ್ಷ ಅಡಿಕೆ ಸುಲಿದ ಕೈ. ಬಲಗೈ ಹೆಬ್ಬೆರಳ ಬುಡದ ಗಂಟು ದಪ್ಪಗಾಗಿ ಹೊರಗೇ ಕಾಣುತ್ತದೆ. ಏರು ಶುರುವಾದಾಗ ಗೇರ್ ಹಗುರ ಮಾಡಬೇಕು ಅಲ್ವಾ? ಮಾವ ಲಿವರಿನ ಮೇಲೆ ಹೆಬ್ಬೆರಳು ಇಟ್ಟರು, ಒತ್ತಲಿಲ್ಲ. ಹಿಡಿ ಬಿಟ್ಟು ಅಂಗೈ ಬುಡದಿಂದ ಲಿವರಿಗೆ ಒಂದು ಗುದ್ದು ಕೊಟ್ಟರು. ಗೇರ್ ಬಿತ್ತು. ಆದರೆ ಸೈಕಲ್ ರಸ್ತೆಯ ನಡುವಿಗೆ ಒಂದು ಮೊಳ ವಾಲಿತು. ಹಿಂದಿನಿಂದ ಬಸ್ಸು ಬರುತ್ತಿತ್ತು.

ಮೇಲೆ ಹೋಗಿ ನಿಂತಾಗ ಮಾವ ಹೇಳಿದ್ದು ಇಷ್ಟೇ: “ಕಾಲಿಗೆ ಏನೂ ತೊಂದರೆ ಇಲ್ಲ ಮಾರಾಯ. ಹೆಬ್ಬೆರಳು ಕೇಳುವುದಿಲ್ಲ.”

ಮನೆಯಲ್ಲಿ ಎಲ್ಲರೂ ಸೈಕಲ್ ಬಿಡಿ ಎಂದರು. ನನಗೆ ಅದು ಸರಿ ಕಾಣಲಿಲ್ಲ. ಕೈ ನೋಯುತ್ತದೆ ಎಂದು ಗಟ್ಟಿ ಇರುವ ಕಾಲನ್ನೂ ಮನೆಯಲ್ಲಿ ಕೂರಿಸುವುದು ನ್ಯಾಯ ಅಲ್ಲ. ಆಮೇಲೆ ಮೂರು ತಿಂಗಳು ಆ ಸೈಕಲಿನ ಮೇಲೆ ಕೆಲಸ ಮಾಡಿದೆ. ಕೆಲವು ತಪ್ಪಾದವು, ಕೆಲವು ಸರಿಯಾದವು. ಕಲಿತದ್ದನ್ನು ಮಾಡಬೇಕಾದ ಕ್ರಮದಲ್ಲೇ ಬರೆಯುತ್ತೇನೆ.

ಈ ಕ್ರಮ ಮುಖ್ಯ. ಹೆಚ್ಚಿನವರು ಮೊದಲು ಹೊಸ ಶಿಫ್ಟರ್, ಅಂದರೆ ಗೇರ್ ಬದಲಿಸುವ ಲಿವರ್, ಕೊಳ್ಳಲು ಹೋಗುತ್ತಾರೆ. ನಾನೂ ಹಾಗೇ ಮಾಡಿದ್ದೆ. ಅದು ಕೊನೆಗೆ ಬರಬೇಕಾದ ಕೆಲಸ. ಮೊದಲು ಗೇರ್ ಎಳೆಯಲು ಬೇಕಾದ ಬಲ ಕಡಿಮೆ ಮಾಡಿ. ಆಮೇಲೆ ಎಷ್ಟು ಸಲ ಎಳೆಯಬೇಕು ಎನ್ನುವುದನ್ನು ಕಡಿಮೆ ಮಾಡಿ. ಉಳಿದ ಕೆಲಸವನ್ನು ಬೆರಳಿನಿಂದ ತೆಗೆದು ಅಂಗೈಗೆ ಕೊಡಿ.

ಕೈ ಎಲ್ಲಿ ನೋಯುತ್ತದೆ?

ಅಂಗಳದಲ್ಲಿ ಸೈಕಲನ್ನು ಸ್ಟ್ಯಾಂಡ್ ಹಾಕಿ ನಿಲ್ಲಿಸಿ. ತುಳಿಯುವವರನ್ನು ಸೀಟಿನ ಮೇಲೆ ಕೂರಿಸಿ, ನೀವು ಹ್ಯಾಂಡಲ್ ಹಿಡಿದುಕೊಳ್ಳಿ. ಒಂದೊಂದೇ ಕೆಲಸ ಮಾಡಿಸಿ, ಪ್ರತಿ ಸಲವೂ ಕೇಳಿ. ಹೆಬ್ಬೆರಳಿನಿಂದ ತಳ್ಳಿದಾಗ ನೋವಾ? ತೋರುಬೆರಳಿನಿಂದ ಎಳೆದಾಗ? ಹಿಡಿ ಹಿಡಿದು ತಿರುಗಿಸಿದಾಗ? ಬ್ರೇಕ್ ಹಿಡಿದಾಗ? ಸುಮ್ನೆ ಹ್ಯಾಂಡಲಿನ ಮೇಲೆ ಭಾರ ಬಿಟ್ಟಾಗ? ಉತ್ತರಗಳನ್ನು ಬರೆದಿಟ್ಟುಕೊಳ್ಳಿ. ಲಿವರ್ ಆರಿಸುವಾಗ ಈ ಚೀಟಿಯೇ ದಾರಿ ತೋರಿಸುವುದು.

ಸವೆತದಿಂದ ಬರುವ ಗಂಟು ನೋವು ಜಾಸ್ತಿ ಕಾಣುವುದು ಹೆಬ್ಬೆರಳ ಬುಡದಲ್ಲಿ ಮತ್ತು ಬೆರಳ ತುದಿಯ ಗಂಟುಗಳಲ್ಲಿ. ಬೆಳಗಿನ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಬಿಡುತ್ತದೆ. ರುಮಟಾಯ್ಡ್ ಎಂಬ ಊತದ ಗಂಟು ನೋವು ಆದರೆ ಬೆರಳ ಬುಡದ ಗೆಣ್ಣುಗಳು, ಮಣಿಕಟ್ಟು ಊದುತ್ತವೆ, ಎರಡೂ ಕೈಗೆ ಬರುತ್ತದೆ, ಬಿಗಿತ ಒಂದು ಗಂಟೆಗಿಂತ ಜಾಸ್ತಿ ಇರಬಹುದು. ಚಿಕುನ್‌ಗುನ್ಯಾ ಬಂದು ಹೋದ ಮೇಲೆ ತಿಂಗಳುಗಟ್ಟಲೆ ಗಂಟು ನೋವು ಉಳಿದವರೂ ನಮ್ಮ ಊರುಗಳಲ್ಲಿ ಇದ್ದಾರೆ. ಗಂಟು ಬಿಸಿಯಾಗಿ, ಕೆಂಪಾಗಿ ಊದಿಕೊಂಡಿದ್ದರೆ ಸೈಕಲ್ ಕೆಲಸ ಬದಿಗಿಟ್ಟು ಡಾಕ್ಟರಿಗೆ ತೋರಿಸಿ. ಅದಕ್ಕೆ ಔಷಧ ಬೇಕು, ಲಿವರ್ ಬದಲಿಸಿದರೆ ಆಗುವುದಲ್ಲ.

ಗೇರಿಗಿಂತ ಮೊದಲು ಬ್ರೇಕ್

ಗೇರ್ ಬೀಳದಿದ್ದರೆ ಇಳಿದು ದೂಡಿಕೊಂಡು ಹೋಗಬಹುದು. ಬ್ರೇಕ್ ಹಿಡಿಯದಿದ್ದರೆ? ಹಾಗಾಗಿ ಇದು ಮೊದಲು.

ಬ್ರೇಕ್ ಲಿವರಿನ ಬುಡದಲ್ಲಿ ಒಂದು ಚಿಕ್ಕ ಸ್ಕ್ರೂ ಇರುತ್ತದೆ. ಅದನ್ನು ಒಳಗೆ ತಿರುಗಿಸಿದರೆ ಲಿವರ್ ಹಿಡಿಯ ಹತ್ತಿರ ಬರುತ್ತದೆ. ಪೂರ್ತಿ ಚಾಚಿದ ಬೆರಳಿಗೆ ಬಲ ಕಡಿಮೆ, ಅರ್ಧ ಮಡಿಸಿದ ಬೆರಳಿಗೆ ಬಲ ಜಾಸ್ತಿ. ಅಷ್ಟನ್ನೇ ಮಾಡಿದರೂ ಎಷ್ಟೋ ಜನರಿಗೆ ಅರ್ಧ ಕಷ್ಟ ಹೋಗುತ್ತದೆ. ಆದರೆ ಪೂರ್ತಿ ಹಿಡಿದಾಗ ಲಿವರ್ ಹಿಡಿಗೆ ತಾಗಬಾರದು. ಆಮೇಲೆ ಬ್ರೇಕ್ ವಯರ್ ಹೊಸದು ಹಾಕಿ.

ಒಂದು ಕೈ ತೀರಾ ಸೋತಿದ್ದರೆ, ಒಂದೇ ಲಿವರಿನಲ್ಲಿ ಎರಡು ವಯರ್ ಎಳೆಯುವ ಡ್ಯುಯಲ್ ಲಿವರ್ ಸಿಗುತ್ತದೆ. ಅದನ್ನು ಗಟ್ಟಿ ಇರುವ ಕೈಗೆ ಹಾಕಿ. ನಿಮ್ಮ ಬ್ರೇಕ್ ಯಾವ ಜಾತಿ ಎಂದು ಅಂಗಡಿಯಲ್ಲಿ ಮೊದಲೇ ಹೇಳಿ, ರಿಮ್ಮನ್ನು ಎರಡು ಬದಿಯಿಂದ ಉದ್ದ ತೋಳುಗಳು ಒತ್ತುವ ವಿ-ಬ್ರೇಕಿಗೆ ಜಾಸ್ತಿ ವಯರ್ ಎಳೆಯುವ ಲಿವರ್ ಬೇಕು.

ವಯರಿನಿಂದ ಶುರು ಮಾಡಿ

ಲಿವರ್ ಯಾಕೆ ಗಟ್ಟಿ ಎಂದು ಅರ್ಥವಾದರೆ ಮುಂದಿನದು ಸುಲಭ. ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗಕ್ಕೆ ಡಿರೈಲರ್ ಎನ್ನುತ್ತಾರೆ. ಹಿಂದಿನ ಡಿರೈಲರಿನಲ್ಲಿ ಒಂದು ಸ್ಪ್ರಿಂಗ್ ಇದೆ. ಅದು ಯಾವಾಗಲೂ ಚೈನನ್ನು ಚಿಕ್ಕ ಹಲ್ಲುಚಕ್ರದ ಕಡೆಗೆ, ಅಂದರೆ ಭಾರದ ಗೇರಿನ ಕಡೆಗೆ ಎಳೆಯುತ್ತಾ ಇರುತ್ತದೆ. ಹಗುರ ಗೇರಿಗೆ ಬರಬೇಕಾದರೆ ಆ ಸ್ಪ್ರಿಂಗಿನ ವಿರುದ್ಧ ಎಳೆಯಬೇಕು. ಅದರ ಜೊತೆಗೆ ವಯರ್ ತನ್ನ ಹೊರಕೊಳವೆಯಾದ ಔಟರಿನೊಳಗೆ ಉಜ್ಜುವ ತಡೆಯನ್ನೂ ಗೆಲ್ಲಬೇಕು. ಏರಿನಲ್ಲಿ, ಕೈ ದಣಿದಿರುವಾಗಲೇ, ಹೆಬ್ಬೆರಳಿಗೆ ಅತಿ ಭಾರದ ಕೆಲಸ ಬೀಳುವುದು ಇದಕ್ಕೇ. ಸ್ಪ್ರಿಂಗನ್ನು ನಾವು ಬದಲಿಸಲು ಆಗುವುದಿಲ್ಲ. ಉಜ್ಜುವುದನ್ನು ಕಡಿಮೆ ಮಾಡಬಹುದು. ನಮ್ಮ ಕಡೆ ಕಡಲಿನ ಉಪ್ಪು ಗಾಳಿ, ನಾಲ್ಕು ತಿಂಗಳ ಮಳೆ, ಬೇಸಿಗೆಯಲ್ಲಿ ಮುರಕಲ್ಲಿನ ಕೆಂಪು ಧೂಳು. ಎರಡು ಮಳೆಗಾಲ ಕಂಡ ವಯರ್ ಒಳಗೆ ಹೇಗಿರುತ್ತದೆ ಎಂದು ಬಿಚ್ಚಿ ನೋಡಿದವರಿಗೇ ಗೊತ್ತು.

ಮೊದಲು ದೋಷ ಎಲ್ಲಿದೆ ಎಂದು ಹುಡುಕಿ. ಗೇರನ್ನು ಹಿಂದಿನ ಅತಿ ಚಿಕ್ಕ ಚಕ್ರಕ್ಕೆ ತನ್ನಿ. ಡಿರೈಲರಿನಲ್ಲಿ ವಯರ್ ಕಚ್ಚಿಕೊಂಡ ಬೋಲ್ಟನ್ನು ಸಡಿಲ ಮಾಡಿ, ಸಾಮಾನ್ಯವಾಗಿ 5 ಮಿ.ಮೀ. ಅಲನ್ ಕೀ ಅಥವಾ 9 ಮಿ.ಮೀ. ಸ್ಪ್ಯಾನರ್ ಬೇಕಾಗುತ್ತದೆ. ವಯರ್ ಬಿಡಿಸಿ. ಈಗ ಮೂರು ಪರೀಕ್ಷೆ. ವಯರಿನ ತುದಿಯನ್ನು ಇನ್ನೊಬ್ಬರು ಮೆಲ್ಲಗೆ ಎಳೆದು ಹಿಡಿದಿರಲಿ, ನೀವು ಬರೀ ಲಿವರ್ ಒತ್ತಿ ನೋಡಿ. ಆಗಲೂ ಗಟ್ಟಿ ಇದ್ದು, ಕೊನೆಯ ವಯರ್ ಪರೀಕ್ಷೆಯಲ್ಲಿ ತೊಂದರೆ ಕಾಣದಿದ್ದರೆ ಶಿಫ್ಟರಿನ ಒಳಗಿನ ಹಳೆಯ ಗ್ರೀಸ್ ಒಣಗಿರಬಹುದು. ಆಮೇಲೆ ಡಿರೈಲರನ್ನು ಕೈಯಿಂದ ಒಳಗೆ ತಳ್ಳಿ ಬಿಡಿ. ಅದು ಟಪ್ ಎಂದು ಹಿಂದೆ ಬರಬೇಕು. ಮೆಲ್ಲ ಬಂದರೆ ಅದರ ಕೀಲುಗಳಲ್ಲಿ ಮಣ್ಣು ತುಂಬಿದೆ. ಕೊನೆಗೆ ವಯರನ್ನು ಔಟರಿನೊಳಗೆ ಹಿಂದೆ ಮುಂದೆ ಎಳೆದು ನೋಡಿ. ಮಾವನ ಸೈಕಲಿನಲ್ಲಿ ಡಿರೈಲರ್ ಚೆನ್ನಾಗಿತ್ತು, ಶಿಫ್ಟರ್ ಚೆನ್ನಾಗಿತ್ತು. ವಯರ್ ಎಳೆದರೆ ಮರಳಿನಲ್ಲಿ ಹಗ್ಗ ಎಳೆದ ಹಾಗೆ ಕರ್ ಕರ್ ಎನ್ನುತ್ತಿತ್ತು. ಹೊರಗೆ ಬಂದ ತುದಿ ಅರ್ಧ ಅಡಿಯಷ್ಟು ಕಂದು ಬಣ್ಣ.

ಶಿಫ್ಟರ್ ಒಣಗಿದ್ದರೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಹತ್ತಾರು ಸಲ ಒತ್ತಿ. ಕೊಳೆ ಹೊರಗೆ ಬಂದ ಮೇಲೆ ಒಂದೆರಡು ಹನಿ ತೆಳು ಮೆಶಿನ್ ಆಯಿಲ್ ಬಿಡಿ. ಡಿರೈಲರಿನ ಕೀಲುಗಳನ್ನು ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿ, ಅಲ್ಲಿಗೂ ಹನಿ ಎಣ್ಣೆ. ಮನೆಯಲ್ಲಿ ಇದೆ ಎಂದು ತೆಂಗಿನೆಣ್ಣೆ ಹಾಕಬೇಡಿ. ಧೂಳು ಹಿಡಿದು ಅಂಟಾಗುತ್ತದೆ.

ಹೊಸ ವಯರಿಗೆ ಅಂಗಡಿಯಲ್ಲಿ ಕೇಳಬೇಕಾದ್ದು ಇಷ್ಟು: 1.2 ಮಿ.ಮೀ. ಸ್ಟೇನ್‌ಲೆಸ್ ಗೇರ್ ಇನ್ನರ್ (ಒಳಗಿನ ವಯರ್), 4 ಮಿ.ಮೀ. ಗೇರ್ ಔಟರ್, ಔಟರಿನ ತುದಿಗೆ ಹಾಕುವ ಟೋಪಿಗಳು. ಕಾಸರಗೋಡಿನಲ್ಲಿ ಕನ್ನಡ, ತುಳು, ಮಲಯಾಳ ಯಾವುದರಲ್ಲಿ ಕೇಳಿದರೂ ಇನ್ನರ್, ಔಟರ್ ಎಂದರೆ ಸಾಕು, ಹೆಸರು ಒಂದೇ. ಆದರೆ ‘ಗೇರಿನದ್ದು’ ಎಂದು ಒತ್ತಿ ಹೇಳಿ. ನನಗೆ ಒಂದು ಅಂಗಡಿಯಲ್ಲಿ 5 ಮಿ.ಮೀ. ಬ್ರೇಕ್ ಔಟರನ್ನೇ ಗೇರಿಗೆ ಹಾಕಿ ಕೊಟ್ಟಿದ್ದರು. ಬ್ರೇಕ್ ಔಟರ್ ಸ್ಪ್ರಿಂಗಿನ ಹಾಗೆ ಸುತ್ತಿದ ತಂತಿ, ಎಳೆದಾಗ ಸ್ವಲ್ಪ ಕುಗ್ಗುತ್ತದೆ. ಹಾಗಾಗಿ ಗೇರ್ ಎಷ್ಟು ಸರಿ ಮಾಡಿದರೂ ನಿಲ್ಲುವುದಿಲ್ಲ, ಒಂದರ ಬದಲು ಎರಡು ಸಲ ಒತ್ತಬೇಕಾಗುತ್ತದೆ. ಗೇರ್ ಔಟರಿನ ತಂತಿಗಳು ಉದ್ದಕ್ಕೆ ಇರುತ್ತವೆ, ಕುಗ್ಗುವುದಿಲ್ಲ. ಇದನ್ನು ತಿರುಗಿಸಿ ಮಾಡಿದರೆ ಇನ್ನೂ ಅಪಾಯ. ಗೇರ್ ಔಟರನ್ನು ಬ್ರೇಕಿಗೆ ಹಾಕಿದರೆ ಗಟ್ಟಿಯಾಗಿ ಬ್ರೇಕ್ ಹಿಡಿದಾಗ ಅದು ಸೀಳಿ ಹೋಗಬಹುದು.

ಔಟರನ್ನು ಹಳೆಯದರ ಅಳತೆಗೆ, ವಯರ್ ಕಟರಿನಿಂದಲೇ ಕತ್ತರಿಸಿ. ಸಾದಾ ಪಕ್ಕಡಿನಿಂದ ಕತ್ತರಿಸಿದರೆ ತುದಿ ಚಪ್ಪಟೆಯಾಗಿ ಒಳಗಿನ ದಾರಿ ಮುಚ್ಚುತ್ತದೆ. ತುದಿಯ ಪ್ಲಾಸ್ಟಿಕ್ ಕೊಳವೆಯನ್ನು ದಪ್ಪ ಸೂಜಿಯಿಂದ ಬಿಡಿಸಿ, ಟೋಪಿ ಹಾಕಿ. ಡಿರೈಲರಿನ ಹತ್ತಿರದ ಕೊನೆಯ ತುಂಡು ಸಲೀಸಾಗಿ ಬಾಗಿರಬೇಕು. ತೀರಾ ಗಿಡ್ಡ ಮಾಡಿದರೆ ಅಲ್ಲೇ ವಯರ್ ಸಿಕ್ಕಿಕೊಳ್ಳುತ್ತದೆ. ಮುಂದುಗಡೆ ಹ್ಯಾಂಡಲನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿದರೂ ಔಟರ್ ಬಿಗಿಯಬಾರದು.

ಇನ್ನು ಕೂಡಿಸುವುದು. ಬ್ಯಾರಲ್ ಅಡ್ಜಸ್ಟರ್, ಅಂದರೆ ಔಟರ್ ಡಿರೈಲರಿಗೆ ಸೇರುವಲ್ಲಿ ಇರುವ ತಿರುಗುವ ಗುಂಡಿ, ಪೂರ್ತಿ ಒಳಗೆ ತಿರುಗಿಸಿ ಒಂದು ಸುತ್ತು ಹೊರಗೆ ತನ್ನಿ. ಶಿಫ್ಟರ್ ಅತಿ ಚಿಕ್ಕ ಚಕ್ರದ ನಂಬರಿನಲ್ಲಿರಲಿ. ವಯರನ್ನು ಎಳೆದು ಹಿಡಿದು ಬೋಲ್ಟ್ ಬಿಗಿ ಮಾಡಿ. ಹಿಂದಿನ ಚಕ್ರ ಎತ್ತಿ, ಪೆಡಲ್ ತಿರುಗಿಸುತ್ತಾ ಒಂದು ಸಲ ಒತ್ತಿ. ಚೈನ್ ಎರಡನೇ ಚಕ್ರಕ್ಕೆ ಏರದಿದ್ದರೆ ಗುಂಡಿಯನ್ನು ಅರ್ಧ ಸುತ್ತು ಹೊರಗೆ ತಿರುಗಿಸಿ. ಏರಿ ಮುಂದಿನ ಚಕ್ರಕ್ಕೆ ಉಜ್ಜುತ್ತಿದ್ದರೆ ಕಾಲು ಸುತ್ತು ಒಳಗೆ. ಹಿಂದಿನ ಏಳೂ ಗೇರ್ ಹೀಗೆ ನೋಡಿ. ಡಿರೈಲರಿನ ಮೇಲಿನ ಎರಡು ಚಿಕ್ಕ ಸ್ಕ್ರೂಗಳು ಚೈನ್ ಎಲ್ಲಿಗೆ ನಿಲ್ಲಬೇಕು ಎಂಬ ಗಡಿ ಹಾಕುತ್ತವೆ. ದೊಡ್ಡ ಚಕ್ರದ ಕಡೆಯ ಗಡಿ ಸರಿ ಇಲ್ಲದಿದ್ದರೆ ಚೈನ್ ಕಡ್ಡಿಗಳೊಳಗೆ ಬೀಳುತ್ತದೆ, ಏರಿನಲ್ಲಿ ಹಾಗಾದರೆ ಬಿದ್ದೇ ಬೀಳುತ್ತೀರಿ. ಧೈರ್ಯ ಇಲ್ಲದಿದ್ದರೆ ಈ ಸ್ಕ್ರೂ ಮಾತ್ರ ಅಂಗಡಿಯವರ ಕೈಯಲ್ಲಿ ಮಾಡಿಸಿ.

ವಯರ್ ಬದಲಿಸಿದ ದಿನ ಮಾವ ಲಿವರ್ ಒತ್ತಿ ನೋಡಿ ಏನೂ ಹೇಳಲಿಲ್ಲ. ಮತ್ತೊಮ್ಮೆ ಒತ್ತಿದರು. ಆಮೇಲೆ ಎರಡು ಬೆರಳಿನಿಂದ ಹಳೆಯ ವಯರಿನ ತುಂಡು ಎತ್ತಿ, “ಇದನ್ನಾ ನಾನು ಎಳೆಯುತ್ತಿದ್ದದ್ದು?” ಎಂದರು.

ಎಡಗೈಗೆ ರಜೆ ಕೊಡಿ

21 ಗೇರಿನ ಸೈಕಲ್ ಎಂದರೆ ಮುಂದೆ 3, ಹಿಂದೆ 7. ಮುಂದಿನ ಮೂರನ್ನು ಬದಲಿಸುವುದು ಎಡಗೈ. ಎಲ್ಲಕ್ಕಿಂತ ಗಟ್ಟಿ ಲಿವರ್ ಅದೇ. ಚೈನನ್ನು ಚಿಕ್ಕ ಹಲ್ಲುಚಕ್ರದಿಂದ ದೊಡ್ಡದಕ್ಕೆ ಎತ್ತಿ ಹಾಕಬೇಕಲ್ಲ. ನಮ್ಮ ಬಳಕೆಗೆ ಅದು ಬೇಕೇ ಇಲ್ಲ ಎಂಬುದು ನನ್ನ ಅಭಿಪ್ರಾಯ.

ಒಂದು ವಾರ ಮುಂದಿನದನ್ನು ನಡುವಿನ ಚಕ್ರದಲ್ಲೇ ಇಟ್ಟು ಓಡಿಸಿ ನೋಡಿ. ಖರ್ಚಿಲ್ಲದ ಪರೀಕ್ಷೆ. ಸಾಕಾಗುತ್ತದೆ ಎನ್ನಿಸಿದರೆ ಎಡಗಡೆಯ ಗೇರ್ ವಯರ್ ತೆಗೆದುಬಿಡಿ. ಮುಂದಿನ ಡಿರೈಲರ್ ಮಾತ್ರ ತೆಗೆಯಬೇಡಿ. ಅದರ ಗಡಿ ಸ್ಕ್ರೂವನ್ನು ಒಳಗೆ ತಿರುಗಿಸಿ, ನಡುವಿನ ಚಕ್ರದ ನೇರಕ್ಕೆ ತಂದು ನಿಲ್ಲಿಸಿ. ಹಾಗಿದ್ದರೆ ಅದು ಚೈನ್ ಬೀಳದಂತೆ ಕಾಯುತ್ತದೆ. ಸ್ಕ್ರೂ ಅಷ್ಟು ಉದ್ದ ಇಲ್ಲದಿದ್ದರೆ ಹಳೆಯ ವಯರಿನ ಒಂದು ಗಿಡ್ಡ ತುಂಡನ್ನು ಫ್ರೇಮಿನ ಔಟರ್ ತಡೆಯಲ್ಲಿ ಸಿಕ್ಕಿಸಿ, ಅದನ್ನು ಎಳೆದು ಕಟ್ಟಿ ಅಲ್ಲಿಗೆ ನಿಲ್ಲಿಸಬಹುದು.

ಏರಿಗೆ ಸಾಕಾಗದಿದ್ದರೆ? ಲೆಕ್ಕ ಹಾಕೋಣ. ಮಾವನ ಸೈಕಲಿನಲ್ಲಿ ಮುಂದೆ 42, 34, 24 ಹಲ್ಲು, ಹಿಂದೆ 14ರಿಂದ 28. ನಡುವಿನ 34ರಲ್ಲೇ ಇದ್ದರೆ ಅತಿ ಹಗುರ ಗೇರ್ 34 ಭಾಗಿಸು 28, ಅಂದರೆ 1.21. ಸೀತಾಂಗೋಳಿ ಏರಿಗೆ ಅದು ಭಾರ. ಹಿಂದಿನ ಫ್ರೀವೀಲ್, ಅಂದರೆ ಹಲ್ಲುಚಕ್ರಗಳ ಗುಚ್ಛ, ತೆಗೆಸಿ 14ರಿಂದ 34 ಹಲ್ಲಿನದ್ದು ಹಾಕಿಸಿದೆವು. ಈಗ 34 ಭಾಗಿಸು 34, ಸರಿಯಾಗಿ 1. 26 ಇಂಚಿನ ಚಕ್ರದ ಸುತ್ತಳತೆ ಸುಮಾರು 2.07 ಮೀಟರ್. ಪೆಡಲ್ ಒಂದು ಸುತ್ತು ತಿರುಗಿದರೆ ಸೈಕಲ್ ಅಷ್ಟೇ ಮುಂದೆ ಹೋಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ ಏಳೂವರೆ ಕಿಲೋಮೀಟರ್. ಭಾರದ ಗೇರಿನಲ್ಲಿ ಅಷ್ಟೇ ಸುತ್ತಿಗೆ 18 ಕಿಲೋಮೀಟರ್. ಪೇಟೆಗೆ ಹೋಗಿ ಬರಲು ಇನ್ನೇನು ಬೇಕು?

ಫ್ರೀವೀಲ್ ಕೊಳ್ಳುವ ಮೊದಲು ನಿಮ್ಮ ಹಿಂದಿನ ಡಿರೈಲರ್ 34 ಹಲ್ಲಿನವರೆಗೆ ಏರುತ್ತದಾ ಎಂದು ಕೇಳಿ ಖಚಿತ ಮಾಡಿಕೊಳ್ಳಿ. ಚೈನ್ ಉದ್ದದ ಚಿಂತೆ ಇಲ್ಲ. ಮೊದಲು 42 ಮತ್ತು 28 ಸೇರಿ 70 ಹಲ್ಲನ್ನು ಸುತ್ತುವಷ್ಟು ಉದ್ದ ಇತ್ತು, ಈಗ 34 ಮತ್ತು 34 ಸೇರಿ 68. ಆದರೆ ಸವೆದ ಚೈನ್ ಹೊಸ ಫ್ರೀವೀಲಿನ ಮೇಲೆ ಜಾರುತ್ತದೆ. ಸ್ಕೇಲ್ ಇಟ್ಟು ಪಿನ್ನಿನಿಂದ ಪಿನ್ನಿಗೆ ಅಳೆಯಿರಿ. 12 ಇಂಚು ಇರಬೇಕಾದಲ್ಲಿ ಹದಿನಾರನೇ ಒಂದು ಇಂಚು ಜಾಸ್ತಿ ಬಂದರೆ ಚೈನೂ ಹೊಸದು.

ಪೆರ್ಲ, ಮುಳ್ಳೇರಿಯ ಕಡೆಯ ಒಳರಸ್ತೆಗಳಲ್ಲಿ ಬರೀ ಏರು ಇಳಿತವೇ ಇರುವವರು ಮುಂದೆ 24ರ ಚಕ್ರದಲ್ಲೇ ಇರಿಸಿಕೊಳ್ಳಬಹುದು. ಸಮತಟ್ಟಿನಲ್ಲಿ ಗಂಟೆಗೆ 13 ಕಿಲೋಮೀಟರ್ ದಾಟುವುದು ಕಷ್ಟ, ಆದರೆ ಏರಿನಲ್ಲಿ ಕಾಲು ಸೋಲುವುದಿಲ್ಲ.

ಯಾವ ಲಿವರ್ ಯಾವ ಕೈಗೆ

ಈಗ ಆ ಚೀಟಿ ತೆಗೆಯಿರಿ.

ಹೆಬ್ಬೆರಳು ತಳ್ಳಿ ತೋರುಬೆರಳು ಎಳೆಯುವ ಟ್ರಿಗರ್ ಶಿಫ್ಟರ್ ಈಗಿನ ಹೆಚ್ಚಿನ ಗೇರ್ ಸೈಕಲುಗಳಲ್ಲಿದೆ. ಹೆಬ್ಬೆರಳ ಬುಡ ನೋಯುವವರಿಗೆ ಅತಿ ಕೆಟ್ಟದ್ದು ಇದೇ. ಬೆರಳ ತುದಿ ಮಾತ್ರ ನೋಯುವವರಿಗೆ ಪರವಾಗಿಲ್ಲ, ಲಿವರನ್ನು ಸ್ವಲ್ಪ ಕೆಳಗೆ ತಿರುಗಿಸಿ ಕೂರಿಸಿದರೆ ಹೆಬ್ಬೆರಳ ನಡುಭಾಗದಿಂದ ತಳ್ಳಬಹುದು.

ಹಿಡಿಯನ್ನೇ ತಿರುಗಿಸುವ ಟ್ವಿಸ್ಟ್ ಶಿಫ್ಟರಿನಲ್ಲಿ ಹೆಬ್ಬೆರಳಿಗೆ ತಳ್ಳುವ ಕೆಲಸ ಇಲ್ಲ. ನಾನು ಮೊದಲು ತಂದದ್ದು ಅದನ್ನೇ. ಅಂಗಡಿಯಲ್ಲಿ ಹಗುರ ಕಂಡಿತು. ಆದರೆ ತಿರುಗಿಸಬೇಕಾದರೆ ಮೊದಲು ಗಟ್ಟಿಯಾಗಿ ಹಿಡಿಯಬೇಕು. ಮಾವನಿಗೆ ಹಿಡಿಯಲಿಕ್ಕೇ ಆಗುವುದಿಲ್ಲ. ಬೆವರು, ಮಳೆ ಸೇರಿದರೆ ಕೈ ಜಾರುತ್ತದೆ. ಹತ್ತು ದಿನದಲ್ಲಿ ಮಣಿಕಟ್ಟೂ ನೋಯಲು ಶುರುವಾಯಿತು. ಅವರಿಗೆ ಕೊಟ್ಟ ಆ ನೋವಿನ ಬಗ್ಗೆ ನನಗೆ ಇವತ್ತಿಗೂ ಬೇಸರ ಇದೆ. ಹಿಡಿತ ಗಟ್ಟಿ ಇದ್ದು ಹೆಬ್ಬೆರಳು ಮಾತ್ರ ನೋಯುವವರಿಗೆ ಇದು ಒಳ್ಳೆಯದೇ. ಕೊಳ್ಳುವ ಮೊದಲು ಒದ್ದೆ ಕೈಯಿಂದ ಒಮ್ಮೆ ತಿರುಗಿಸಿ ನೋಡಿ.

ಮಾವನಿಗೆ ಕೊನೆಗೆ ಒದಗಿದ್ದು ಹಳೆಯ ಕಾಲದ ಥಂಬ್ ಶಿಫ್ಟರ್. ಹೆಸರಿನಲ್ಲಿ ಹೆಬ್ಬೆರಳು ಇದ್ದರೂ ಹೆಬ್ಬೆರಳೇ ಬೇಕೆಂದಿಲ್ಲ. ಹ್ಯಾಂಡಲಿನ ಮೇಲೆ ಕೂರುವ ಒಂದು ಕಡ್ಡಿಯಂಥ ಲಿವರ್, ಅಷ್ಟೇ. ಮುಂದಕ್ಕೆ ತಳ್ಳಿದರೆ ವಯರ್ ಎಳೆಯುತ್ತದೆ, ಗೇರ್ ಹಗುರವಾಗುತ್ತದೆ. ಹಿಂದಕ್ಕೆ ತಂದರೆ ಭಾರವಾಗುತ್ತದೆ, ಆಗ ಸ್ಪ್ರಿಂಗೇ ಸಹಾಯ ಮಾಡುತ್ತದೆ. ಅಂಗೈ ಬುಡ, ಮುಷ್ಟಿಯ ಬದಿ, ಯಾವುದರಿಂದ ತಳ್ಳಿದರೂ ನಡೆಯುತ್ತದೆ. ಸೀತಾಂಗೋಳಿ ಏರಿನಲ್ಲಿ ಮಾವ ಕೊಟ್ಟ ಗುದ್ದನ್ನೇ ಇದು ನೆಟ್ಟಗೆ ಸ್ವೀಕರಿಸುತ್ತದೆ. ಸನ್‌ರೇಸ್ ಕಂಪನಿ ಇಂಥದ್ದನ್ನು ಮಾಡುತ್ತದೆ.

ಇದರಲ್ಲಿ ಎರಡು ಜಾತಿ. ಒಂದು ಟಕ್ ಟಕ್ ಎಂದು ಗೇರಿಗೊಂದರಂತೆ ನಿಲ್ಲುವುದು. ಅದಕ್ಕೆ ಹಿಂದಿನ ಚಕ್ರಗಳ ಸಂಖ್ಯೆ ಮತ್ತು ಡಿರೈಲರಿನ ಜಾತಿ ಹೊಂದಬೇಕು. ಇನ್ನೊಂದು ಎಲ್ಲಿ ಬಿಟ್ಟರೆ ಅಲ್ಲಿ ನಿಲ್ಲುವ ಘರ್ಷಣೆ ಲಿವರ್. ಅದಕ್ಕೆ 7 ಆಗಲಿ 8 ಆಗಲಿ ಲೆಕ್ಕ ಇಲ್ಲ, ಸದ್ದು ಕೇಳಿ ಸರಿ ಮಾಡಿಕೊಳ್ಳಬೇಕು. ಕಲಿಯಲು ಒಂದು ವಾರ ಹಿಡಿಯುತ್ತದೆ. ಆದರೆ ವಯರ್ ಸ್ವಲ್ಪ ಸಡಿಲವಾದರೂ ಗೇರ್ ಕೆಡುವುದಿಲ್ಲ. ಗಂಟು ನೋವಿನವರಿಗೆ ನಾನು ಹೇಳುವುದು ಇದನ್ನೇ.

ಕೊಳ್ಳುವ ಮೊದಲು ನಿಮ್ಮ ಈಗಿನ ಶಿಫ್ಟರ್ ಬೇರೆಯಾಗಿ ಇದೆಯಾ, ಬ್ರೇಕ್ ಲಿವರಿನ ಜೊತೆ ಒಂದೇ ತುಂಡಾಗಿದೆಯಾ ನೋಡಿ. ಕಡಿಮೆ ಬೆಲೆಯ ಗೇರ್ ಸೈಕಲುಗಳಲ್ಲಿ ಒಂದೇ ತುಂಡು ಇರುವುದು ಜಾಸ್ತಿ. ಹಾಗಿದ್ದರೆ ಬ್ರೇಕ್ ಲಿವರನ್ನೂ ಹೊಸದಾಗಿ ಕೊಳ್ಳಬೇಕು. ಇದನ್ನು ಮರೆತು ಹೋದರೆ ಅಂಗಡಿಗೆ ಎರಡು ಸಲ ಓಡಾಟ.

ಕೂರಿಸುವುದು ಮತ್ತು ಉದ್ದ ಮಾಡುವುದು

ಹಳೆಯ ಶಿಫ್ಟರ್ ತೆಗೆದು, ಹಿಡಿಯನ್ನು ಸೋಪಿನ ನೀರು ಬಿಟ್ಟು ಜಾರಿಸಿ ತೆಗೆಯಿರಿ. ನೇರ ಹ್ಯಾಂಡಲಿನ ದಪ್ಪ ಹಿಡಿಯ ಜಾಗದಲ್ಲಿ 22.2 ಮಿ.ಮೀ., ಥಂಬ್ ಶಿಫ್ಟರಿನ ಕ್ಲಾಂಪ್ ಅದೇ ಅಳತೆಯದ್ದು ಇರಬೇಕು. ಹಿಡಿ, ಆಮೇಲೆ ಬ್ರೇಕ್ ಲಿವರ್, ಅದರ ಒಳಬದಿಗೆ ಶಿಫ್ಟರ್. ಈಗಲೇ ಬೋಲ್ಟ್ ಗಟ್ಟಿ ಮಾಡಬೇಡಿ. ತುಳಿಯುವವರು ಸೀಟಿನ ಮೇಲೆ ಕೂತು, ಕಣ್ಣು ಮುಚ್ಚಿ ಕೈ ಚಾಚಲಿ. ಅಂಗೈ ತಾನಾಗಿ ಎಲ್ಲಿ ಬೀಳುತ್ತದೋ ಅಲ್ಲಿಗೆ ಲಿವರ್ ಬರಬೇಕು. ಲಿವರ್ ಹ್ಯಾಂಡಲಿನ ನೇರಕ್ಕಿಂತ ತುಸು ಮೇಲೆ ಎತ್ತಿರಲಿ, ತಳ್ಳುವಾಗ ಮಣಿಕಟ್ಟು ಮಡಿಯಬಾರದು.

ಲಿವರ್ ಗಿಡ್ಡ ಇದ್ದರೆ ಉದ್ದ ಮಾಡಿ. ಭಾರ ಎತ್ತುವ ಹಾರೆಯ ಲೆಕ್ಕವೇ ಇಲ್ಲಿ. ಉದ್ದ ಎರಡರಷ್ಟಾದರೆ ಬಲ ಅರ್ಧ ಸಾಕು, ಆದರೆ ಎರಡರಷ್ಟು ದೂರ ತಳ್ಳಬೇಕು. ಮಾವನ ಲಿವರ್ 4 ಸೆಂ.ಮೀ. ಇತ್ತು. 3 ಮಿ.ಮೀ. ದಪ್ಪದ ಅಲ್ಯುಮಿನಿಯಂ ಪಟ್ಟಿ ತಂದು 7 ಸೆಂ.ಮೀ. ಆಗುವ ಹಾಗೆ ಎರಡು ಚಿಕ್ಕ ಬೋಲ್ಟಿನಿಂದ ಜೋಡಿಸಿದೆವು. ಒಂದೇ ಬೋಲ್ಟ್ ಹಾಕಿದರೆ ಪಟ್ಟಿ ತಿರುಗುತ್ತದೆ. ತುದಿಯನ್ನು ಅರದಿಂದ ಉರುಟು ಮಾಡಿ, ಹಳೆಯ ಟ್ಯೂಬಿನ ರಬ್ಬರ್ ದಪ್ಪಗೆ ಸುತ್ತಿ. ಬಿದ್ದರೆ ಚುಚ್ಚಬಾರದು. ಹ್ಯಾಂಡಲ್ ಪೂರ್ತಿ ತಿರುಗಿಸಿದಾಗ ಮೊಣಕಾಲಿಗೆ ತಾಗುತ್ತದಾ, ಬ್ರೇಕ್ ಹಿಡಿಯುವ ಬೆರಳಿಗೆ ಅಡ್ಡ ಬರುತ್ತದಾ, ಎರಡನ್ನೂ ನೋಡಿ. 8 ಸೆಂ.ಮೀ.ಗಿಂತ ಉದ್ದ ಮಾಡಬೇಡಿ. ಕ್ಲಾಂಪಿಗೆ ಭಾರ ಬಿದ್ದು ತಿರುಗಲು ಶುರುವಾಗುತ್ತದೆ.

ಘರ್ಷಣೆ ಲಿವರಿನ ನಡುವೆ ಒಂದು ಸ್ಕ್ರೂ ಇರುತ್ತದೆ. ಸಡಿಲ ಬಿಟ್ಟರೆ ತುಳಿಯುವಾಗ ಗೇರ್ ತಾನಾಗಿ ಜಾರುತ್ತದೆ. ಬಿಗಿ ಮಾಡಿದರೆ ಕೈಗೆ ಭಾರ. ಸಡಿಲದಿಂದ ಶುರು ಮಾಡಿ, ಏರಿನಲ್ಲಿ ಜಾರದಷ್ಟು ಮಾತ್ರ ಬಿಗಿ ಮಾಡುತ್ತಾ ಬನ್ನಿ.

ಬಲಗೈ ಪೂರ್ತಿ ಸೋತವರು ಹಿಂದಿನ ಗೇರನ್ನು ಎಡಗೈಗೆ ತರಬಹುದು. ಮುಂದಿನ ಗೇರ್ ಹೇಗೂ ತೆಗೆದಾಯಿತು, ಎಡಗಡೆ ಜಾಗ ಖಾಲಿ. ಎಡಗಡೆಯ ಘರ್ಷಣೆ ಲಿವರಿಗೇ ಹಿಂದಿನ ಡಿರೈಲರಿನ ವಯರ್ ಕೂಡಿಸಿ. ಔಟರ್ ಉದ್ದದ್ದು ಬೇಕಾದೀತು. ವಯರ್ ಕತ್ತರಿಸುವ ಮೊದಲು ಲಿವರ್ ಪೂರ್ತಿ ತಳ್ಳಿದಾಗ ಚೈನ್ ಅತಿ ದೊಡ್ಡ ಚಕ್ರಕ್ಕೆ ಏರುತ್ತದಾ ನೋಡಿಕೊಳ್ಳಿ.

ಕೈ ಮೇಲಿನ ಭಾರ

ಹ್ಯಾಂಡಲ್ ಸೀಟಿಗಿಂತ ಕೆಳಗಿದ್ದರೆ ಮೈಭಾರ ಅಂಗೈಗೆ ಬೀಳುತ್ತದೆ. ಹ್ಯಾಂಡಲನ್ನು ಸೀಟಿಗಿಂತ ಎರಡು ಮೂರು ಇಂಚು ಮೇಲೆ ತನ್ನಿ. ಹ್ಯಾಂಡಲಿನ ಕಂಬದ ಮೇಲೆ ಗುರುತು ಹಾಕಿದ ಗೆರೆ ಕಾಣುವಷ್ಟು ಎತ್ತಬೇಡಿ. ಸೀಟಿನ ಮೂತಿ ಕೆಳಗೆ ವಾಲಿದ್ದರೆ ಸಮ ಮಾಡಿ. ಟಯರಿನ ಗಾಳಿಯನ್ನು ಅದರ ಬದಿಯಲ್ಲಿ ಬರೆದ ಅತಿ ಹೆಚ್ಚಿನ ಲೆಕ್ಕಕ್ಕಿಂತ ಸ್ವಲ್ಪ ಕಡಿಮೆ ಇಡಿ, ರಸ್ತೆಯ ಕಂಪನ ಕೈಗೆ ಕಡಿಮೆ ಬರುತ್ತದೆ. ಹಿಡಿ ದಪ್ಪ ಇರಲಿ. ನಾವು ಫೋಮ್ ಹಿಡಿಯ ಮೇಲೆ ಹತ್ತಿ ಬಟ್ಟೆಯ ಪಟ್ಟಿ ಸುತ್ತಿದ್ದೇವೆ, ಬೆವರು ಹೀರುತ್ತದೆ, ಕೊಳೆಯಾದರೆ ಒಗೆಯಬಹುದು.

ದುಡ್ಡು ಇರುವವರಿಗೆ

ಬ್ಯಾಟರಿಯಲ್ಲಿ ನಡೆಯುವ ಗೇರ್ ಇದೆ. ಶಿಮಾನೋ ಕಂಪನಿಯ ಡಿಐ2 2009ರಿಂದ ಮಾರುಕಟ್ಟೆಯಲ್ಲಿದೆ, ಸ್ರಾಮ್ ಕಂಪನಿಯದ್ದು ವಯರೇ ಇಲ್ಲದ್ದು. ಗುಂಡಿ ಮುಟ್ಟಿದರೆ ಸಾಕು, ಮೋಟಾರ್ ಎಳೆಯುತ್ತದೆ. ಗಂಟು ನೋವಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಬೆಲೆ ಮಾತ್ರ ಮಾವನ ಸೈಕಲಿನ ಎಷ್ಟೋ ಪಟ್ಟು. ಹಿಂದಿನ ಹಬ್ಬಿನ ಒಳಗೇ 3 ಗೇರ್ ಇರುವ ಚಕ್ರವೂ ಬರುತ್ತದೆ. ನಿಂತಲ್ಲೇ ಗೇರ್ ಬದಲಿಸಬಹುದು, ಮಳೆ ಮಣ್ಣು ಒಳಗೆ ಹೋಗುವುದಿಲ್ಲ. ನಮ್ಮ ಏರುಗಳಿಗೆ 3 ಗೇರ್ ಕಡಿಮೆಯಾಯಿತು ಎನ್ನಿಸಬಹುದು.

ಕರೆಂಟ್ ಸೈಕಲ್ ತೆಗೆಯುವವರಿಗೆ ಒಂದು ಮಾತು. ಹೆಬ್ಬೆರಳಿನಿಂದ ಒತ್ತಿ ಹಿಡಿಯುವ ಥ್ರಾಟಲ್ ಬೇಡ. ದಾರಿಯುದ್ದಕ್ಕೂ ಹೆಬ್ಬೆರಳು ಒತ್ತಿಕೊಂಡೇ ಇರಬೇಕಾಗುತ್ತದೆ. ಪೆಡಲ್ ತುಳಿದಾಗ ತಾನಾಗಿ ಸಹಾಯ ಮಾಡುವ ಜಾತಿ ನೋಡಿ.

ಓಡಿಸಿ ನೋಡುವುದು

ಮೊದಲು ಅಂಗಳದಲ್ಲಿ, ಆಮೇಲೆ ವಾಹನ ಕಡಿಮೆ ಇರುವ ಸಮತಟ್ಟು ರಸ್ತೆಯಲ್ಲಿ, ಕೊನೆಗೆ ಏರಿನಲ್ಲಿ. ಬೆಳಿಗ್ಗೆ ಕೈ ಬಿಗಿದಿರುವಾಗಲೂ ಒಮ್ಮೆ ನೋಡಿ. ಸಂಜೆ ಸರಿ ಇದ್ದದ್ದು ಬೆಳಿಗ್ಗೆ ಆಗದಿರಬಹುದು. ಇಪ್ಪತ್ತು ನಿಮಿಷ ತುಳಿದ ಮೇಲೂ ಲಿವರ್ ಅಷ್ಟೇ ಹಗುರ ಅನ್ನಿಸಬೇಕು.

ಗೇರನ್ನು ಏರು ಶುರುವಾಗುವ ಮೊದಲೇ ಹಗುರ ಮಾಡಿ. ಬದಲಿಸುವ ಆ ಅರ್ಧ ಸುತ್ತಿನಲ್ಲಿ ಪೆಡಲನ್ನು ಮೆಲ್ಲ ತುಳಿಯಿರಿ. ಚೈನಿನ ಮೇಲೆ ಬಿಗಿ ಇಲ್ಲದಾಗ ಗೇರ್ ಸುಲಭದಲ್ಲಿ, ಸದ್ದಿಲ್ಲದೆ ಏರುತ್ತದೆ. ಮಾವ ಈಗ ಸೀತಾಂಗೋಳಿ ಏರಿಗೆ ಮೊದಲು, ರಸ್ತೆ ಇನ್ನೂ ಸಮ ಇರುವಾಗಲೇ ಲಿವರ್ ಎರಡು ಮೆಟ್ಟಿಲು ತಳ್ಳುತ್ತಾರೆ. ಕೈ ಹಿಡಿಯಿಂದ ಏಳುವುದೇ ಇಲ್ಲ, ಅಂಗೈ ಬುಡ ಮಾತ್ರ ಸರಿಯುತ್ತದೆ.

ಹೊಸ ವಯರ್ ಮೊದಲ ಒಂದೆರಡು ವಾರದಲ್ಲಿ ಸ್ವಲ್ಪ ಸಡಿಲವಾಗುತ್ತದೆ. ಬ್ಯಾರಲ್ ಗುಂಡಿಯನ್ನು ಅರ್ಧ ಸುತ್ತು ಹೊರಗೆ ತಿರುಗಿಸಿದರೆ ಸರಿಹೋಗುತ್ತದೆ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಔಟರಿನ ಬಾಯಿಗೆ ಒಂದು ಹನಿ ಎಣ್ಣೆ, ಮಳೆಗಾಲ ಮುಗಿದ ಮೇಲೆ ಇನ್ನರ್ ಎಳೆದು ನೋಡಿ, ಕರ್ ಎಂದರೆ ಬದಲಿಸಿ. ಆ ಬ್ಯಾರಲ್ ಗುಂಡಿ ಚಿಕ್ಕದು, ಎರಡು ಬೆರಳಿನಿಂದ ಚಿವುಟಿ ತಿರುಗಿಸಬೇಕು, ನೋಯುವ ಬೆರಳಿಗೆ ಆಗುವುದಿಲ್ಲ. ಅದರ ಸುತ್ತ ಟ್ಯೂಬಿನ ರಬ್ಬರನ್ನು ನಾಲ್ಕು ಸುತ್ತು ಸುತ್ತಿ ಅಂಟಿಸಿದೆ. ಈಗ ಅದು ಬಾಟಲಿಯ ಮುಚ್ಚಳದಷ್ಟು ದಪ್ಪ ಇದೆ. ಮಾವ ಅಂಗಳದಲ್ಲಿ ಸ್ಟೂಲ್ ಹಾಕಿ ಕೂತು, ಬೆರಳುಗಳ ಬದಿಯಿಂದ ಅದನ್ನು ತಾವೇ ತಿರುಗಿಸಿಕೊಳ್ಳುತ್ತಾರೆ.